ಇಕಾಮದ ದಿನಾಂಕ ಗೊತ್ತುಂಟು, ಸರ್ಟಿಫಿಕೇಟಿನದ್ದು?

ನಮ್ಮ ಮನೆಗಳಲ್ಲಿ ಕೆಲವು ದಿನಾಂಕಗಳನ್ನು ಯಾರೂ ಮರೆಯುವುದಿಲ್ಲ. ಮಗನ ಇಕಾಮ ಯಾವ ತಿಂಗಳು ಮುಗಿಯುತ್ತದೆ ಅಂತ ಉಮ್ಮನಿಗೆ ಗೊತ್ತಿರುತ್ತದೆ. ಗಂಡನ ಪಾಸ್‌ಪೋರ್ಟ್ ಯಾವ ಇಸವಿಗೆ ರಿನೀವಲ್ ಅಂತ ಹೆಂಡತಿ ಬಾಯಲ್ಲೇ ಹೇಳುತ್ತಾಳೆ. ರೀ-ಎಂಟ್ರಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಸಣ್ಣ ಮಕ್ಕಳೂ ಲೆಕ್ಕ ಹಾಕುತ್ತಾರೆ. ಈ ಪಟ್ಟಿಗೆ ಇನ್ನೊಂದು ದಿನಾಂಕ ಸೇರಿಕೊಂಡು ಈಗ ಐದು ವರ್ಷ ಆಗುತ್ತಾ ಬಂತು. ಅದು ಮಾತ್ರ ಹೆಚ್ಚಿನವರ ಲೆಕ್ಕಕ್ಕೆ ಬಂದಿಲ್ಲ. ಅದು ಕೆಲಸದ ಸರ್ಟಿಫಿಕೇಟಿನ ದಿನಾಂಕ.

ಇತ್ತೀಚೆಗೆ ರಜೆಯಲ್ಲಿ ಬಂದಿದ್ದ ನೆರೆಮನೆಯ ಇಕ್ಕ ಒಬ್ಬರು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದರು. ಸೌದಿಯಲ್ಲಿ ಕಟ್ಟಡ ಕಾಮಗಾರಿಯ ಇಲೆಕ್ಟ್ರಿಷಿಯನ್. ಕಂಪೆನಿಯಿಂದ ಬಂದ ಇಂಗ್ಲಿಷ್ ಮೆಸೇಜ್ ಓದಿ ಹೇಳಬೇಕಿತ್ತು. ಓದಿ ಹೇಳಿದೆ. ‘ನಿಮ್ಮ ಸರ್ಟಿಫಿಕೇಟಿನ ಅವಧಿ ಮುಗಿಯುತ್ತಾ ಬಂದಿದೆ, ಹೊಸದು ಸಲ್ಲಿಸಿ’ ಎಂಬಷ್ಟೇ ಅದರಲ್ಲಿದ್ದದ್ದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹದಿನೆಂಟು ವರ್ಷ ಆಯ್ತು ನಾನು ಈ ಕೆಲಸ ಮಾಡ್ಲಿಕ್ಕೆ ಶುರು ಮಾಡಿ. ಕರೆಂಟಿಗೆ ನಾನು ಯಾರು ಅಂತ ಗೊತ್ತುಂಟು. ಇವರಿಗೆ ಮಾತ್ರ ಐದು ವರ್ಷಕ್ಕೊಮ್ಮೆ ಹೇಳ್ಬೇಕಾ?’ ಎಂದರು.

ಹಳೆಯ ಸರ್ಟಿಫಿಕೇಟ್ ಎಲ್ಲಿದೆ ಎಂದು ಕೇಳಿದೆ. ಅದು ಅವರ ಹತ್ತಿರ ಇರಲಿಲ್ಲ. ಹಿಂದಿನ ಕಂಪೆನಿಯ ಆಫೀಸ್ ಕ್ಲರ್ಕ್ ತನ್ನ ಈ-ಮೇಲ್ ಹಾಕಿ, ತನ್ನ ಮೊಬೈಲ್ ನಂಬರ್ ಕೊಟ್ಟು ರಿಜಿಸ್ಟರ್ ಮಾಡಿಸಿದ್ದನಂತೆ. ಆ ಕ್ಲರ್ಕ್ ಈಗ ಯಾವ ದೇಶದಲ್ಲಿದ್ದಾನೋ ಗೊತ್ತಿಲ್ಲ. ಪರೀಕ್ಷೆ ಬರೆದದ್ದು ಇವರು, ಪಾಸಾದದ್ದು ಇವರು, ಕಾಗದ ಮಾತ್ರ ಇನ್ಯಾರದ್ದೋ ಮೇಲ್‌ನಲ್ಲಿ ಕುಳಿತಿದೆ.

ಇದು ಒಬ್ಬರ ಕತೆ ಅಂತ ಬಿಟ್ಟುಬಿಡುವ ಹಾಗಿಲ್ಲ. ಈ ಸಮಸ್ಯೆ ಮುಂದಿನ ಎರಡು ಮೂರು ವರ್ಷಗಳಲ್ಲಿ ನಮ್ಮ ನೂರಾರು ಮನೆಗಳ ಬಾಗಿಲಿಗೆ ಬರಲಿದೆ.

ಐದು ವರ್ಷ ತುಂಬುತ್ತಿರುವುದು ಯಾಕೆ ಈಗ?

ಸೌದಿ ಅರೇಬಿಯಾದ ಮಾನವ ಸಂಪನ್ಮೂಲ ಮತ್ತು ಸಾಮಾಜಿಕ ಅಭಿವೃದ್ಧಿ ಸಚಿವಾಲಯ 2021ರ ಮಾರ್ಚ್‌ನಲ್ಲಿ ಕೌಶಲ್ಯ ತಪಾಸಣೆಯ ಕಾರ್ಯಕ್ರಮವೊಂದನ್ನು ಘೋಷಿಸಿತು. ಕೈಕೆಲಸದ ವೃತ್ತಿಗಳಲ್ಲಿ ಇರುವವರಿಗೆ ನಿಜವಾಗಿ ಆ ಕೆಲಸ ಬರುತ್ತದೆಯೇ ಎಂದು ನೋಡುವುದು ಇದರ ಉದ್ದೇಶ. ಕಂಪ್ಯೂಟರ್ ಮುಂದೆ ಕುಳಿತು ಉತ್ತರಿಸುವ ಒಂದು ಪರೀಕ್ಷೆ, ಕೈಯಲ್ಲಿ ಮಾಡಿ ತೋರಿಸುವ ಇನ್ನೊಂದು ಪರೀಕ್ಷೆ. ಎರಡರಲ್ಲೂ ಪಾಸಾದರೆ ಸರ್ಟಿಫಿಕೇಟ್. ಅದರ ಆಯುಷ್ಯ ಐದು ವರ್ಷ.

ಇದಕ್ಕೆ ಎರಡು ದಾರಿ ಇದೆ. ಒಂದು, ಈಗಾಗಲೇ ಸೌದಿಯಲ್ಲಿ ಇರುವವರಿಗೆ. ಇದನ್ನು 2021ರ ಜುಲೈಯಲ್ಲಿ ದೊಡ್ಡ ಕಂಪೆನಿಗಳಿಂದ ಆರಂಭಿಸಿ ಹಂತ ಹಂತವಾಗಿ ಸಣ್ಣ ಸಂಸ್ಥೆಗಳವರೆಗೆ ತಂದರು. ಇನ್ನೊಂದು, ಹೊಸದಾಗಿ ಹೋಗುವವರಿಗೆ. ಅವರು ವೀಸಾಕ್ಕೆ ಮೊದಲು ತಮ್ಮ ದೇಶದಲ್ಲೇ ಪರೀಕ್ಷೆ ಬರೆಯಬೇಕು. ಭಾರತದಲ್ಲಿ ಈ ಎರಡನೆಯ ದಾರಿ 2022ರ ಡಿಸೆಂಬರ್‌ನಲ್ಲಿ ತೆರೆಯಿತು. ಆರಂಭದಲ್ಲಿ ದಿಲ್ಲಿ ಮತ್ತು ಮುಂಬೈಯಲ್ಲಿ ಮಾತ್ರ. ಮೊದಲು ಐದೇ ವೃತ್ತಿಗಳು ಪಟ್ಟಿಯಲ್ಲಿದ್ದವು: ಪ್ಲಂಬರ್, ಇಲೆಕ್ಟ್ರಿಷಿಯನ್, ವೆಲ್ಡರ್, ಎಸಿ-ಫ್ರಿಜ್ ಮೆಕ್ಯಾನಿಕ್ ಮತ್ತು ವಾಹನದ ಇಲೆಕ್ಟ್ರಿಷಿಯನ್. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. 2025ರ ಜನವರಿಯಿಂದ ಭಾರತದಿಂದ ಹೋಗುವವರ ವಿದ್ಯಾರ್ಹತೆ ಮತ್ತು ಅನುಭವದ ದಾಖಲೆಗಳನ್ನೂ ಮೊದಲೇ ಪರಿಶೀಲಿಸುವ ನಿಯಮ ಬಂತು.

ಈಗ ಬೆರಳು ಮಡಚಿ ಲೆಕ್ಕ ಹಾಕಿ. 2021ರ ಕೊನೆಯಲ್ಲಿ ಸೌದಿಯಲ್ಲಿ ಪಾಸಾದವನ ಐದು ವರ್ಷ 2026ರ ಕೊನೆಗೆ ತುಂಬುತ್ತದೆ. 2023ರ ಆರಂಭದಲ್ಲಿ ಮುಂಬೈಯಲ್ಲಿ ಬರೆದು ಹೋದವನಿಗೆ 2028. ಅಂದರೆ ಮೊದಲ ಸಾಲಿನವರ ಸರದಿ ಈಗ ಬಂದಿದೆ. ‘ಪರೀಕ್ಷೆ ಒಮ್ಮೆ ಮುಗಿಯಿತು’ ಎಂದು ನೆಮ್ಮದಿಯಲ್ಲಿದ್ದವರಿಗೆ ಅದು ಮುಗಿಯುವಂಥದ್ದಲ್ಲ ಎಂದು ಗೊತ್ತಾಗುತ್ತಿರುವುದು ಈಗ.

ಅವರಿಗೆ ಇದು ಯಾಕೆ ಬೇಕು?

ಸೌದಿ 2016ರಲ್ಲಿ ವಿಷನ್ 2030 ಘೋಷಿಸಿದ ಮೇಲೆ ಅಲ್ಲಿ ಕಟ್ಟಡ ಕಾಮಗಾರಿಯ ಸ್ವರೂಪವೇ ಬದಲಾಗಿದೆ. ರಿಯಾದ್‌ನಲ್ಲಿ 2030ರ ಎಕ್ಸ್‌ಪೋ ಉಂಟು, 2034ರ ಫುಟ್ಬಾಲ್ ವಿಶ್ವಕಪ್ ಉಂಟು. ಇಷ್ಟು ಕಟ್ಟುವಾಗ ತಪ್ಪು ಕೆಲಸದ ಬೆಲೆ ದೊಡ್ಡದು. ಪ್ಲಂಬರ್ ವೀಸಾದಲ್ಲಿ ಬಂದವನಿಗೆ ಪೈಪ್ ರೆಂಚ್ ಹಿಡಿಯಲು ಬಾರದಿದ್ದ ಕಾಲವೂ ಇತ್ತು. ಇದನ್ನು ನಾವೂ ಒಪ್ಪಿಕೊಳ್ಳಬೇಕು. ‘ಯಾವ ವೀಸಾ ಸಿಗ್ತದೋ ಅದ್ರಲ್ಲಿ ಹೋಗು, ಅಲ್ಲಿ ಹೋಗಿ ಕಲಿ’ ಅಂತ ಹೇಳಿ ಕಳುಹಿಸಿದ್ದು ನಾವೇ ಅಲ್ವಾ?

ಇನ್ನೊಂದು ಕಾರಣವೂ ಇದೆ. 2025ರಲ್ಲಿ ಸೌದಿ ವಿದೇಶಿ ಕಾರ್ಮಿಕರನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿತು: ಉನ್ನತ ಕೌಶಲ್ಯದವರು, ಕೌಶಲ್ಯ ಉಳ್ಳವರು, ಮೂಲ ದರ್ಜೆಯವರು. ಸಂಬಳ, ಓದು, ಅನುಭವ, ಕೆಲಸದ ಪರಿಣತಿ, ವಯಸ್ಸು ಇವೆಲ್ಲ ನೋಡಿ ದರ್ಜೆ ನಿರ್ಧಾರವಾಗುತ್ತದೆ. ಒಬ್ಬ ಮನುಷ್ಯನನ್ನು ಹೀಗೆ ಯಾವುದಾದರೂ ಒಂದು ಕಂಬಕ್ಕೆ ಹಾಕಬೇಕಾದರೆ ಸರಕಾರಕ್ಕೆ ಕಾಗದ ಬೇಕು. ಹದಿನೆಂಟು ವರ್ಷದ ಅನುಭವ ಕಂಪ್ಯೂಟರಿಗೆ ಕಾಣುವುದಿಲ್ಲ, ಸರ್ಟಿಫಿಕೇಟಿನ ನಂಬರ್ ಕಾಣುತ್ತದೆ. ಕಾಗದ ಇಲ್ಲದ ಒಳ್ಳೆ ಕೆಲಸಗಾರ ಕೆಳಗಿನ ದರ್ಜೆಗೆ ಜಾರಿದರೆ ಅವನ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ.

ಪರೀಕ್ಷೆಯೇ ಅನ್ಯಾಯವಾ?

ನೆರೆಮನೆಯ ಇಕ್ಕನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರ ಜೊತೆ ಕುಳಿತು ಮಾತಾಡುವಾಗ ಇನ್ನೊಂದು ವಿಷಯವೂ ಬಂತು. ನಮ್ಮ ಊರಿನ ವಯರಿಂಗ್ ವಾಡಿಕೆಯಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್. ಅಂದರೆ ನಮ್ಮವನಿಗೆ ಯಾವ ಕಪ್ಪು ವಯರು ಮುಟ್ಟಿದರೂ ಅಪಾಯವಿಲ್ಲ ಅಂತ ಕೈಗೆ ಅಭ್ಯಾಸವಾಗಿದೆಯೋ, ಅಲ್ಲಿ ಅದೇ ಕಪ್ಪು ವಯರಿನಲ್ಲಿ ಕರೆಂಟ್ ಇರುತ್ತದೆ. ಹಳೆ ಕಟ್ಟಡದಲ್ಲಿ ಒಂದು ಪದ್ಧತಿ, ಹೊಸ ಕಟ್ಟಡದಲ್ಲಿ ಇನ್ನೊಂದು. ಊರಲ್ಲಿ ಸಪ್ಲೈ 50 ಹರ್ಟ್ಸ್, ಸೌದಿಯಲ್ಲಿ 60. ಹಳೆಯ 127 ವೋಲ್ಟ್‌ನಿಂದ 230 ವೋಲ್ಟ್‌ಗೆ ಆ ದೇಶ ಹಂತ ಹಂತವಾಗಿ ಬದಲಾಗುತ್ತಿದೆ.

ಎಸಿ ಮೆಕ್ಯಾನಿಕ್‌ಗಳ ವಿಷಯವೂ ಹೀಗೆಯೇ. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಕೈ ಪಳಗಿಸಿದ್ದು ಆರ್-22 ಗ್ಯಾಸಿನಲ್ಲಿ. ಅದು ಬೆಂಕಿ ಹಿಡಿಯುವ ಗ್ಯಾಸ್ ಅಲ್ಲ. ಓಝೋನ್ ಪದರಕ್ಕೆ ಹಾನಿ ಅಂತ ಜಗತ್ತು ಅದನ್ನು ಬಿಡುತ್ತಾ ಬಂದಿದೆ. ಈಗ ಹೊಸ ಎಸಿಗಳಲ್ಲಿ ಹೆಚ್ಚಾಗಿ ಇರುವ ಆರ್-32 ನಿಧಾನವಾಗಿಯಾದರೂ ಹೊತ್ತಿಕೊಳ್ಳುವ ಗುಣದ್ದು. ಪೈಪಿನಲ್ಲಿ ಉಳಿದ ಗ್ಯಾಸನ್ನು ಪೂರ್ತಿ ತೆಗೆಯದೆ ಹಳೆಯ ಅಭ್ಯಾಸದಲ್ಲಿ ಬೆಸುಗೆ ಟಾರ್ಚ್ ಹಚ್ಚಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ‘ಒಮ್ಮೆ ಕಲಿತದ್ದು ಸಾಯುವವರೆಗೆ ಸಾಕು’ ಎಂಬ ಮಾತು ಕಟ್ಟಡದ ಕೆಲಸದಲ್ಲಿ ಈಗ ನಡೆಯುವುದಿಲ್ಲ. ಸಾಮಾನು ಬದಲಾಗುತ್ತದೆ, ನಿಯಮ ಬದಲಾಗುತ್ತದೆ, ಅಪಾಯ ಬದಲಾಗುತ್ತದೆ. ಐದು ವರ್ಷಕ್ಕೊಮ್ಮೆ ಒಬ್ಬ ಕೆಲಸಗಾರನನ್ನು ಕೂರಿಸಿ ‘ಈಗ ಹೊಸತೇನು ಬಂದಿದೆ ಗೊತ್ತುಂಟಾ?’ ಎಂದು ಕೇಳುವುದು ಅವನ ಜೀವಕ್ಕೇ ಒಳ್ಳೆಯದು. ನವೀಕರಣ ಎಂಬ ವಿಚಾರವನ್ನು ನಾನು ವಿರೋಧಿಸುವುದಿಲ್ಲ.

ತಕರಾರು ಇರುವುದು ಅದನ್ನು ಮಾಡುವ ಕ್ರಮದಲ್ಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಬಾಪನ ಜೊತೆಗೋ ಕಾಕನ ಜೊತೆಗೋ ಹೋಗಿ ಕೆಲಸ ಕಲಿತವನು ಪೈಪಿನ ಮುಂದೆ ಸೋಲುವುದಿಲ್ಲ. ಅವನು ಸೋಲುವುದು ಕಂಪ್ಯೂಟರ್ ಪರದೆಯ ಮುಂದೆ. ನೆಲದಡಿಯ ಡ್ರೈನೇಜ್ ಪೈಪಿಗೆ ಎಷ್ಟು ಇಳಿಜಾರು ಕೊಡಬೇಕು ಎಂದು ಅವನ ಕಣ್ಣಿಗೆ ಗೊತ್ತು. ಅದನ್ನು ಶೇಕಡಾವಾರು ಲೆಕ್ಕದಲ್ಲಿ ಕೇಳಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತು ಅಂದರೆ ಬೆವರು ಬರುತ್ತದೆ. ಬೇಸಿನ್ ಕೆಳಗಿನ ಟ್ರಾಪ್‌ನಲ್ಲಿ ನೀರು ಯಾಕೆ ನಿಲ್ಲಬೇಕು ಎಂದು ಬ್ಯಾರಿಯಲ್ಲಿ ಕೇಳಿದರೆ ಅವನು ಅರ್ಧ ಗಂಟೆ ಹೇಳಿಯಾನು, ಕೆಟ್ಟ ವಾಸನೆ ಒಳಗೆ ಬಾರದಂತೆ ಆ ನೀರೇ ಬಾಗಿಲು ಅಂತ. ಪ್ರಶ್ನೆ ಅವನ ಭಾಷೆಯಲ್ಲಿ ಇರುವುದಿಲ್ಲ ಅಷ್ಟೇ. ಹೀಗೆ ಫೇಲಾದವನನ್ನು ಕೆಲಸ ಬಾರದವನು ಎಂದು ದಾಖಲೆ ಹೇಳುತ್ತದೆ. ಅದು ಸುಳ್ಳು ದಾಖಲೆ.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ಬಂದಾಗ ಏನು ಮಾಡಿದರು ಎಂಬುದನ್ನು ನೋಡಬಹುದು. ಅಲ್ಲಿ ಕಟ್ಟಡ ಕೆಲಸಗಾರರಿಗೆ ಸಿಎಸ್‌ಸಿಎಸ್ ಎಂಬ ಕಾರ್ಡ್ ಇದೆ. ಪರೀಕ್ಷೆ ಇಲ್ಲದೆ, ಅನುಭವ ನೋಡಿ ಮಾಲಕರ ಶಿಫಾರಸಿನ ಮೇಲೆ ಕೊಟ್ಟಿದ್ದ ಹಳೆಯ ಕಾರ್ಡ್‌ಗಳನ್ನು 2024ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿದರು. ಆದರೆ ಹಲವು ವರ್ಷ ಮೊದಲೇ ದಿನಾಂಕ ತಿಳಿಸಿದ್ದರು. ಅನುಭವಿ ಕೆಲಸಗಾರ ಕ್ಲಾಸ್‌ರೂಮಿಗೆ ಹೋಗದೆ, ಅವನು ಕೆಲಸ ಮಾಡುವ ಜಾಗಕ್ಕೇ ಪರೀಕ್ಷಕ ಬಂದು ನೋಡಿ ಅರ್ಹತೆ ಕೊಡುವ ದಾರಿಯೂ ಇತ್ತು. ಕಾಲಾವಕಾಶ ಮತ್ತು ಕೆಲಸದ ಜಾಗದಲ್ಲೇ ತಪಾಸಣೆ, ಈ ಎರಡನ್ನು ನಮ್ಮ ಸರಕಾರವೂ ಗಲ್ಫ್ ದೇಶಗಳ ಜೊತೆ ಮಾತಾಡುವಾಗ ಕೇಳಬಹುದು.

ಕುವೈತ್ ಕಲಿಸಿದ ಪಾಠ

ಕೇಳದೆ ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ಉದಾಹರಣೆ ಇದೆ. 2018ರಲ್ಲಿ ಕುವೈತ್ ಒಂದು ನಿಯಮ ತಂದಿತು. ಇಂಜಿನಿಯರ್ ಎಂಬ ಹುದ್ದೆಯಲ್ಲಿ ಇಕಾಮ ನವೀಕರಿಸಬೇಕಾದರೆ ಅಲ್ಲಿನ ಇಂಜಿನಿಯರುಗಳ ಸಂಘದ ಒಪ್ಪಿಗೆ ಪತ್ರ ಬೇಕು. ಆ ಸಂಘ ಭಾರತದವರ ವಿಷಯದಲ್ಲಿ ನ್ಯಾಷನಲ್ ಬೋರ್ಡ್ ಆಫ್ ಅಕ್ರೆಡಿಟೇಷನ್ ಮಾನ್ಯತೆ ಕೊಟ್ಟ ಕೋರ್ಸ್‌ಗಳನ್ನು ಮಾತ್ರ ಒಪ್ಪಿತು. ಈ ಬೋರ್ಡ್ ಹುಟ್ಟಿದ್ದೇ 1994ರಲ್ಲಿ. ಅದಕ್ಕಿಂತ ಮೊದಲು ಪದವಿ ಪಡೆದು, ಇಪ್ಪತ್ತು ಮೂವತ್ತು ವರ್ಷ ಕುವೈತಿನಲ್ಲಿ ಸೇತುವೆ, ರಸ್ತೆ, ಆಸ್ಪತ್ರೆ ಕಟ್ಟಿದವರ ಪದವಿಗೆ ಆ ಮಾನ್ಯತೆ ಇರಲು ಸಾಧ್ಯವೇ ಇರಲಿಲ್ಲ. ಹೆಸರಾಂತ ಕಾಲೇಜುಗಳಲ್ಲಿ ಓದಿದವರೂ ಸಿಕ್ಕಿಬಿದ್ದರು. ಭಾರತ ಸರಕಾರ ಕುವೈತ್ ಜೊತೆ ಮಾತುಕತೆ ನಡೆಸಿತು. ಅಷ್ಟರಲ್ಲಿ ಹಲವರು ಇಕಾಮ ಉಳಿಸಿಕೊಳ್ಳಲು ಹುದ್ದೆಯ ಹೆಸರನ್ನೇ ಬದಲಿಸಿಕೊಳ್ಳಬೇಕಾಯಿತು.

ನಿನ್ನೆ ಇಂಜಿನಿಯರ್ ಆಗಿದ್ದವರು ಇವತ್ತು ಅದೇ ಮೇಜಿನಲ್ಲಿ ಕುಳಿತು ಅದೇ ಕೆಲಸ ಮಾಡುತ್ತಾ ಕಾಗದದಲ್ಲಿ ಮಾತ್ರ ಬೇರೆಯವರಾದರು. ಕರಾವಳಿಯ ಮನೆಗಳಿಗೆ ಈ ನೋವು ಹೊಸದಲ್ಲ. ಸೌದಿಯಲ್ಲೂ ಇಂಜಿನಿಯರುಗಳ ಇಕಾಮ ಅಲ್ಲಿನ ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್ ನೋಂದಣಿಗೆ ಕಟ್ಟಿಕೊಂಡಿದೆ; ನೋಂದಣಿ ನವೀಕರಣವಾಗದಿದ್ದರೆ ಇಕಾಮಕ್ಕೂ ತೊಂದರೆ. ಇಂಜಿನಿಯರುಗಳಿಗೆ ಮೊದಲು ಬಂದದ್ದು ಈಗ ಪ್ಲಂಬರ್, ವೆಲ್ಡರ್‌ಗಳಿಗೆ ಬರುತ್ತಿದೆ. ಇಂಜಿನಿಯರಿಗೆ ಇಂಗ್ಲಿಷ್ ಗೊತ್ತಿತ್ತು, ಪತ್ರ ಬರೆಯಲು ಗೊತ್ತಿತ್ತು, ರಾಯಭಾರ ಕಚೇರಿಯ ಬಾಗಿಲು ಗೊತ್ತಿತ್ತು. ಆದರೂ ಕಷ್ಟಪಟ್ಟರು. ಪ್ಲಂಬರ್‌ನ ಪರವಾಗಿ ಪತ್ರ ಬರೆಯುವವರು ಯಾರು?

ಖರ್ಚು ಯಾರದ್ದು?

ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿ ನಮ್ಮ ಪ್ರತಿಯೊಬ್ಬ ಕೆಲಸಗಾರನಿಗೂ ಗೊತ್ತಿರಬೇಕು. ನೇಮಕಾತಿಯ ಶುಲ್ಕ, ಇಕಾಮ ಮತ್ತು ವರ್ಕ್ ಪರ್ಮಿಟ್, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ, ವೃತ್ತಿ ಬದಲಾವಣೆಯ ಶುಲ್ಕ, ಎಕ್ಸಿಟ್ ಮತ್ತು ರೀ-ಎಂಟ್ರಿ, ಊರಿಗೆ ಮರಳುವ ಟಿಕೆಟ್ ಇವೆಲ್ಲ ಮಾಲಕನ ಖರ್ಚು ಎಂದು ಅದು ಹೇಳುತ್ತದೆ. ಆದರೆ ಆ ಪಟ್ಟಿಯಲ್ಲಿ ಕೌಶಲ್ಯ ಸರ್ಟಿಫಿಕೇಟ್ ಎಂಬ ಹೆಸರಿಲ್ಲ. ಹೆಸರಿಲ್ಲದ ಖರ್ಚು ಸಾಮಾನ್ಯವಾಗಿ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನಮಗೆ ಗೊತ್ತು. ಶುಲ್ಕ, ಪರೀಕ್ಷೆಯ ಊರಿಗೆ ಹೋಗಿಬರುವ ಖರ್ಚು, ಫೇಲಾದರೆ ಮತ್ತೊಮ್ಮೆ, ರಜೆಯಲ್ಲಿ ಹೋದ ದಿನಗಳ ಸಂಬಳ ಸೇರಿಸಿದರೆ ಸಣ್ಣ ಮೊತ್ತವಲ್ಲ.

ಆದ್ದರಿಂದ ಹೊಸ ಒಪ್ಪಂದಕ್ಕೆ ಸಹಿ ಹಾಕುವಾಗಲೇ ‘ಸರ್ಟಿಫಿಕೇಟ್ ನವೀಕರಣದ ಖರ್ಚು ಕಂಪೆನಿಯದ್ದು’ ಎಂಬ ಒಂದು ಸಾಲು ಬರೆಸಿಕೊಳ್ಳಲು ಕೇಳಬೇಕು. ಎಲ್ಲರೂ ಕೊಡುವುದಿಲ್ಲ. ಕೇಳಿದವನಿಗೆ ಸಿಗುವ ಸಾಧ್ಯತೆಯಾದರೂ ಉಂಟು. ಒಳ್ಳೆ ಕೆಲಸಗಾರ ಸಿಗದ ಕಾಲದಲ್ಲಿ ಕಂಪೆನಿಗೂ ಅವನು ಬೇಕು.

ಇಲ್ಲಿ ಒಂದು ವಿಷಯ ನಮ್ಮವರು ಗಮನಿಸಬೇಕು. ಇದೇ 2021ರ ಮಾರ್ಚ್‌ನಲ್ಲಿ ಸೌದಿಯಲ್ಲಿ ಇನ್ನೊಂದು ಸುಧಾರಣೆ ಜಾರಿಗೆ ಬಂತು. ನಿಗದಿತ ಷರತ್ತುಗಳನ್ನು ಪೂರೈಸಿದರೆ ಕಫೀಲನ ಒಪ್ಪಿಗೆ ಇಲ್ಲದೆಯೂ ಖಾಸಗಿ ಕಂಪೆನಿಯ ಕೆಲಸಗಾರ ಇನ್ನೊಂದು ಕಂಪೆನಿಗೆ ಹೋಗಬಹುದು. ಮೊದಲು ಕಫೀಲನೇ ನಮ್ಮವನ ಗುರುತು. ಈಗ ಬೇರೆ ಕಂಪೆನಿಯ ಬಾಗಿಲಲ್ಲಿ ನಿಂತು ‘ನನಗೆ ಈ ಕೆಲಸ ಬರ್ತದೆ’ ಎಂದು ತೋರಿಸಲು ಸ್ವಂತ ಹೆಸರಿನ ಕಾಗದ ಇದ್ದರೆ ಸಂಬಳದ ಮಾತಿಗೆ ಬಲ ಬರುತ್ತದೆ. ಅವಧಿ ಮುಗಿದ ಕಾಗದ ಹಿಡಿದವನಿಗೆ ಆ ಬಲ ಇಲ್ಲ. ಕೊಟ್ಟ ಸಂಬಳಕ್ಕೆ ಇದ್ದಲ್ಲೇ ಇರಬೇಕಾಗುತ್ತದೆ. ನವೀಕರಣ ಯಾಕೆ ಮುಖ್ಯ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ.

ಏಜೆಂಟರ ಬಗ್ಗೆ ಎರಡು ಮಾತು

ನವೀಕರಣದ ಸುದ್ದಿ ಹರಡುತ್ತಿದ್ದ ಹಾಗೆಯೇ ‘ನೀವು ಹೋಗುವುದೇ ಬೇಡ, ಎಲ್ಲ ನಾವು ಮಾಡಿಸಿಕೊಡ್ತೇವೆ’ ಎನ್ನುವವರೂ ಬರುತ್ತಾರೆ. ಇಲ್ಲಿ ಹುಷಾರಾಗಿರಬೇಕು. ಈಗಿನ ಸರ್ಟಿಫಿಕೇಟುಗಳು ಪಾಸ್‌ಪೋರ್ಟ್ ನಂಬರಿಗೆ ಜೋಡಿಸಲ್ಪಟ್ಟಿರುತ್ತವೆ, ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ನಕಲಿ ಕಾಗದ ಸಿಕ್ಕಿಬಿದ್ದರೆ ಏಜೆಂಟ್ ಫೋನ್ ಸ್ವಿಚ್ ಆಫ್ ಮಾಡುತ್ತಾನೆ. ಪಾಸ್‌ಪೋರ್ಟ್ ನಂಬರ್ ಮಾತ್ರ ನಮ್ಮ ಹುಡುಗನದ್ದೇ. ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆ ಬರೆಯುವುದಕ್ಕೂ ಇದೇ ಗತಿ.

ವಿದೇಶ ಕೆಲಸಕ್ಕೆ ನೇಮಕ ಮಾಡುವ ಏಜೆಂಟ್ ಸರಕಾರದಲ್ಲಿ ನೋಂದಾಯಿತನಾಗಿರಬೇಕು. ಅವನು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಅದಕ್ಕೆ ರಶೀದಿ ಕೊಡಬೇಕು. ವಿದೇಶಾಂಗ ಸಚಿವಾಲಯದ ಈ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಹೆಸರು ಇದೆಯೇ ಎಂದು ಮನೆಯ ಕಾಲೇಜು ಹುಡುಗಿಯೇ ಐದು ನಿಮಿಷದಲ್ಲಿ ನೋಡಿ ಹೇಳಬಲ್ಲಳು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದಾದ ಕಾರಣ ಗಲ್ಫಿಗೆ ಹೋಗುವಾಗ ಅನುಮತಿ ಬೇಕೇ ಬೇಕು. ಅಂಥವರೇ ಏಜೆಂಟರ ಮಾತಿಗೆ ಹೆಚ್ಚು ಬೀಳುವವರು.

ಊರಿಗೆ ಬಂದ ಮೇಲೆ

ಗಲ್ಫ್ ಬಿಟ್ಟು ಬಂದವರಿಗೆ ಈ ಚಿಂತೆ ಇಲ್ಲ ಅಂತ ತಿಳಿಯಬೇಡಿ. ಇಪ್ಪತ್ತು ವರ್ಷ ಜಿದ್ದಾದಲ್ಲಿ, ದಮಾಮ್‌ನಲ್ಲಿ ದೊಡ್ಡ ಕಟ್ಟಡಗಳ ವಯರಿಂಗ್ ಮಾಡಿದವನಾದರೂ ಊರಲ್ಲಿ ಒಂದು ಹೆಂಚಿನ ಮನೆಯ ವಯರಿಂಗ್ ಸ್ವಂತ ಜವಾಬ್ದಾರಿಯಲ್ಲಿ ಮಾಡುವಂತಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಆ ಕೆಲಸ ಪರವಾನಗಿ ಇರುವ ಗುತ್ತಿಗೆದಾರನ ಮೂಲಕ, ಅರ್ಹತಾ ಪತ್ರ ಇರುವ ಮೇಲ್ವಿಚಾರಕನ ಕೆಳಗೆ, ಪರ್ಮಿಟ್ ಇರುವ ವಯರ್‌ಮನ್‌ನಿಂದ ಆಗಬೇಕು. ಕರ್ನಾಟಕದಲ್ಲಿ ಇದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮೆಸ್ಕಾಂ ಹೊಸ ಸಂಪರ್ಕ ಕೊಡುವಾಗ ಗುತ್ತಿಗೆದಾರನ ವಯರಿಂಗ್ ವರದಿ ಕೇಳುತ್ತದೆ.

ಗಲ್ಫಿಗೆ ಹೋಗುವ ಮೊದಲು ಪರ್ಮಿಟ್ ಮಾಡಿಸಿದ್ದ ಹಲವರು ಅಲ್ಲಿದ್ದಷ್ಟು ಕಾಲ ಅದನ್ನು ಮರೆತೇ ಬಿಡುತ್ತಾರೆ. ಮರಳಿ ಬಂದು ನೋಡುವಾಗ ಅದರ ಅವಧಿ ಯಾವಾಗಲೋ ಮುಗಿದಿರುತ್ತದೆ. ಆಮೇಲೆ ಲೈಸೆನ್ಸ್ ಇರುವ ಇನ್ನೊಬ್ಬನ ಕೈಕೆಳಗೆ ದಿನಗೂಲಿ. ಅಲ್ಲಿ ಫೋರ್‌ಮನ್ ಆಗಿದ್ದವನು ಇಲ್ಲಿ ಹೆಲ್ಪರ್. ಪರ್ಮಿಟ್ ಮೇಲೆ ಮುದ್ರಿಸಿದ ದಿನಾಂಕವನ್ನು ರಜೆಯಲ್ಲಿ ಬಂದಾಗೊಮ್ಮೆ ನೋಡಿ ನವೀಕರಿಸಿದ್ದರೆ ಈ ಅವಸ್ಥೆ ಇರುತ್ತಿರಲಿಲ್ಲ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ‘ನನ್ನ ಹತ್ತಿರ ಲೇಬರ್ ಕಾರ್ಡ್ ಉಂಟಲ್ಲಾ’ ಎಂದು ಹೇಳುವವರು ಬಹಳ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಬೇರೆ, ಕೌಶಲ್ಯ ಸರ್ಟಿಫಿಕೇಟ್ ಬೇರೆ. 1996ರ ಕಾನೂನಿನಡಿ ಬಂದ ಆ ಕಾರ್ಡ್ 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಸವಲತ್ತು ಸಿಗಲು ಇರುವಂಥದ್ದು. ನಮಗೆ ಕೆಲಸ ಬರುತ್ತದೆ ಎಂದು ಅದು ಹೇಳುವುದಿಲ್ಲ, ನಾವು ಕೆಲಸ ಮಾಡಿದ್ದೇವೆ ಎಂದು ಮಾತ್ರ ಹೇಳುತ್ತದೆ. ಅದಕ್ಕೂ ನವೀಕರಣ ಉಂಟು, ಅದನ್ನೂ ತಪ್ಪಿಸಬಾರದು. ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಹಾಗೆಯೇ ಐಟಿಐ ಸರ್ಟಿಫಿಕೇಟಿಗೆ ಅವಧಿ ಇಲ್ಲ, ಅದು ಓದಿದ ದಾಖಲೆ. ಅವಧಿ ಇರುವುದು ಕೆಲಸ ಮಾಡಲು ಕೊಡುವ ಪರ್ಮಿಟಿಗೆ.

ಮನೆಯಲ್ಲಿ ಏನು ಮಾಡಬಹುದು?

ಒಂದು ನೋಟ್‌ಬುಕ್ ತೆಗೆಯಿರಿ. ಪಾಸ್‌ಪೋರ್ಟ್, ಇಕಾಮದ ಕೆಳಗೆ ಸರ್ಟಿಫಿಕೇಟಿನ ನಂಬರ್, ಕೊಟ್ಟ ದಿನ, ಮುಗಿಯುವ ದಿನ ಬರೆಯಿರಿ. ಊರಿನ ವಯರ್‌ಮನ್ ಪರ್ಮಿಟ್ ಇದ್ದರೆ ಅದರದ್ದೂ ಬರಲಿ. ಮುಗಿಯುವ ದಿನಕ್ಕೆ ಆರು ತಿಂಗಳು ಮೊದಲು ಮನೆಯವರೇ ಫೋನ್ ಮಾಡಿ ನೆನಪಿಸಲಿ. ಸೈಟಿನಲ್ಲಿ ಹನ್ನೆರಡು ಗಂಟೆ ದುಡಿಯುವವನಿಗೆ ಇದು ನೆನಪಿರುವುದು ಕಷ್ಟ.

ಎರಡನೆಯದಾಗಿ, ರಿಜಿಸ್ಟ್ರೇಷನ್ ಯಾವತ್ತೂ ಸ್ವಂತ ಈ-ಮೇಲ್, ಸ್ವಂತ ಮೊಬೈಲ್ ನಂಬರಿನಲ್ಲೇ ಆಗಬೇಕು. ಪಾಸ್‌ವರ್ಡ್ ಏಜೆಂಟನ ಕೈಗೂ ಬೇಡ, ಕಂಪೆನಿ ಕ್ಲರ್ಕನ ಕೈಗೂ ಬೇಡ. ಸರ್ಟಿಫಿಕೇಟಿನ ಒಂದು ಪ್ರತಿ ಊರಿನ ಮನೆಯಲ್ಲಿ ಇರಲಿ.

ಮೂರನೆಯದಾಗಿ, ಕಂಪೆನಿ ಬಿಡುವಾಗ ಅನುಭವ ಪತ್ರ ಕೇಳಿ ಪಡೆಯಬೇಕು. ಸಂಬಳ ಬಾಕಿ ಕೇಳುವಷ್ಟೇ ಗಟ್ಟಿಯಾಗಿ ಅದನ್ನೂ ಕೇಳಬೇಕು. ಕೆಲಸದ ಹೆಸರು, ಶುರುವಾದ ದಿನ, ಬಿಟ್ಟ ದಿನ ಅದರಲ್ಲಿ ಸ್ಪಷ್ಟ ಇರಬೇಕು. ಇಕಾಮದಲ್ಲಿ ‘ಲೇಬರ್’ ಎಂದಿದ್ದು ಕೈಯಲ್ಲಿ ವೆಲ್ಡರ್ ಕೆಲಸ ಮಾಡಿದರೆ ಮುಂದೆ ಆ ಅನುಭವ ತೋರಿಸುವುದು ಕಷ್ಟ. ಫೈನಲ್ ಎಕ್ಸಿಟ್ ಹೊಡೆಸಿದ ಮೇಲೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ನಾಲ್ಕನೆಯದಾಗಿ, ಪರೀಕ್ಷೆ ಬುಕ್ ಮಾಡುವಾಗ ಯಾವ ಭಾಷೆಯಲ್ಲಿ ಬರೆಯಬಹುದು, ಹತ್ತಿರದ ಕೇಂದ್ರ ಯಾವುದು ಎಂದು ಅಧಿಕೃತ ತಾಣದಲ್ಲೇ ನೋಡಬೇಕು. ವಾಟ್ಸ್ಆ್ಯಪ್ ಫಾರ್ವರ್ಡ್ ನೋಡಿ ಬಸ್ಸು ಹತ್ತಬಾರದು.

ಸಂಘಟನೆಗಳು, ಸರಕಾರ

ನಮ್ಮಲ್ಲಿ ಅನಿವಾಸಿಗಳ ಸಂಘಟನೆಗಳಿಗೆ ಕೊರತೆ ಇಲ್ಲ. ಸ್ನೇಹಕೂಟ ಆಗುತ್ತದೆ, ಕ್ರಿಕೆಟ್ ಪಂದ್ಯ ಆಗುತ್ತದೆ, ಸನ್ಮಾನ ಆಗುತ್ತದೆ. ಅವುಗಳ ನಡುವೆ ಒಂದು ವಾರಾಂತ್ಯ ಹಾಲ್‌ನಲ್ಲಿ ಹತ್ತು ಕಂಪ್ಯೂಟರ್ ಇಟ್ಟು, ಕ್ಯಾಂಪಿನ ಹುಡುಗರನ್ನು ಕರೆದು, ನಾಲ್ಕರಲ್ಲಿ ಒಂದನ್ನು ಒತ್ತುವುದು ಹೇಗೆ ಅಂತ ಅಭ್ಯಾಸ ಮಾಡಿಸಿದರೆ ಅದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ. ಊರಿನಲ್ಲೂ ಜಮಾಅತ್‌ನ ಹಾಲ್ ಇದೆ, ಪಕ್ಕದಲ್ಲಿ ಐಟಿಐ ಇದೆ, ರಜೆಯಲ್ಲಿ ಬಂದ ಇಂಜಿನಿಯರ್ ಹುಡುಗರಿದ್ದಾರೆ. ಕೆಲಸದ ಪದಗಳ ಒಂದು ಸಣ್ಣ ಪಟ್ಟಿ, ಬ್ಯಾರಿಯಲ್ಲಿ ಹೇಳುವುದು, ಇಂಗ್ಲಿಷಿನಲ್ಲಿ ಅದಕ್ಕೇನು, ಹಿಂದಿಯಲ್ಲೇನು ಅಂತ ಬರೆದುಕೊಟ್ಟರೂ ಪರದೆಯ ಮುಂದಿನ ಅರ್ಧ ಭಯ ಹೋಗುತ್ತದೆ.

ಸರಕಾರದ ಕೆಲಸವೂ ಇದೆ. ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ ಕಟ್ಟಿತು. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಆದರೆ ಉಳ್ಳಾಲದ, ಬಂಟ್ವಾಳದ, ಪುತ್ತೂರಿನ, ಕಾಪುವಿನ ಎಷ್ಟು ಮನೆಗಳಿಗೆ ಅದರ ಹೆಸರು ಗೊತ್ತು? ಗಲ್ಫಿಗೆ ಅತಿ ಹೆಚ್ಚು ಜನ ಹೋಗುವ ಕರಾವಳಿಯಲ್ಲಿ, ಮಂಗಳೂರಿನಲ್ಲೇ, ನವೀಕರಣಕ್ಕೆ ಮಾಹಿತಿ ಮತ್ತು ತರಬೇತಿ ಕೊಡುವ ಒಂದು ಕಿಟಕಿ ಬೇಕು ಎಂದು ನಮ್ಮ ಶಾಸಕರನ್ನು, ಸಂಸದರನ್ನು ಕೇಳುವ ಹಕ್ಕು ನಮಗಿದೆ. ಪರೀಕ್ಷೆಯ ಭಾಷೆಗಳಲ್ಲಿ ಕನ್ನಡಕ್ಕೆ ಜಾಗ ಬೇಕು ಎಂದೂ ಕೇಳಬೇಕು.

ನೆರೆಮನೆಯ ಇಕ್ಕ ಆ ದಿನ ಹೊರಡುವ ಮೊದಲು ಸ್ವಂತ ಈ-ಮೇಲ್ ಮಾಡಿಸಿಕೊಂಡರು. ವಯರಿನ ಬಣ್ಣಗಳ ಪಟ್ಟಿಯನ್ನು ಮಗಳ ಕೈಯಲ್ಲಿ ಬರೆಸಿಕೊಂಡು ಕಿಸೆಯಲ್ಲಿಟ್ಟರು. ‘ಓದಿದ್ರೆ ಆಗ್ತದೆ. ಮೊದಲೇ ಯಾರಾದ್ರೂ ಹೇಳಬೇಕಿತ್ತು ಅಷ್ಟೇ’ ಎಂದರು.

ಆ ಮಾತಿನಲ್ಲಿ ನಮ್ಮ ಮೇಲೂ ಒಂದು ದೂರು ಇದೆ. ಮುಂದಿನ ವರ್ಷ ಅವಧಿ ಮುಗಿಯುವವರಿಗೆ ಈ ವರ್ಷವೇ ಹೇಳೋಣ.